ಹಂಸ ಯಾವ ಕಡೆ ನೋಡುತ್ತಿತ್ತು

ನನಗೂ ನನ್ನ ಅಣ್ಣನಿಗೂ ಒಂದು ವಿಷಯದಲ್ಲಿ ಇವತ್ತಿಗೂ ರಾಜಿಯಾಗಿಲ್ಲ. ನಾವು ಚಿಕ್ಕವರಿದ್ದಾಗ ಮಲ್ಲೇಶ್ವರಂನ ನಮ್ಮ ಕ್ರಾಸಿನ ಕೊನೆಯ ಮೈದಾನಕ್ಕೆ ಸರ್ಕಾರದ ಸಿನಿಮಾ ವ್ಯಾನು ಬರುತ್ತಿತ್ತು. ಆಟ ಶುರುವಾಗುವ ಮುಂಚೆ ಪರದೆಯ ಮೇಲೆ ವ್ಯಾನಿನವರ ಗುರುತು ಬೀಳುತ್ತಿತ್ತು. ಕೊಕ್ಕಿನಲ್ಲಿ ದೀಪ ಕಚ್ಚಿಕೊಂಡ ಒಂದು ಹಂಸ. ಅದು ಎಡಕ್ಕೆ ನೋಡುತ್ತಿತ್ತು ಎಂದು ನಾನು ಹೇಳುತ್ತೇನೆ, ಬಲಕ್ಕೆ ಎಂದು ಅವನು ಹೇಳುತ್ತಾನೆ. ಅದು ಹಂಸವೇ ಅಲ್ಲ, ಬಾತುಕೋಳಿ ಎಂದೂ ಹೇಳುತ್ತಾನೆ, ಆದರೆ ಅದು ನನ್ನನ್ನು ಕೆರಳಿಸುವುದಕ್ಕೆ. ಈಗ ಟಿ.ವಿ.ಯ ಮೂಲೆಯಲ್ಲಿ ಚಾನೆಲ್ಲಿನ ಗುರುತು ಮಿನುಗುವುದನ್ನು ಕಂಡಾಗೆಲ್ಲ ನನಗೆ ಎದ್ದುಹೋಗಿ ಪೆಟ್ಟಿಗೆಯ ಹಿಂದೆ ಇಣುಕಿ ನೋಡಬೇಕು ಅನ್ನಿಸುತ್ತದೆ. ಮೊಮ್ಮಕ್ಕಳು ನಗುತ್ತಾರೆ. ನಗಲಿ. ಅವರು ಪರದೆಯ ಹಿಂದೆ ಕೂತು ಬೆಳೆದವರಲ್ಲ.

ನಾವು ಹಾಗೆ ಬೆಳೆದವರು. ಮೈದಾನದ ನಡುವೆ ಎರಡು ಕಂಬ ನೆಟ್ಟು ಬಿಳಿ ಬಟ್ಟೆ ಕಟ್ಟುತ್ತಿದ್ದರು. ವ್ಯಾನು ನಿಂತ ಕಡೆ ಗಂಡಸರು, ಬಟ್ಟೆಯ ಹಿಂದೆ ಹೆಂಗಸರು ಮತ್ತು ಮಕ್ಕಳು. ಯಾರು ಈ ಏರ್ಪಾಟು ಮಾಡಿದರೋ ಗೊತ್ತಿಲ್ಲ, ಯಾರೂ ಕೇಳಲೂ ಇಲ್ಲ. ಆಟಕ್ಕೆ ಮುಂಚೆ ವ್ಯಾನಿನ ಆಳು ಬಕೆಟ್ಟಿನಲ್ಲಿ ನೀರು ತಂದು ಬಟ್ಟೆಯ ಮೇಲೆ ಎರಚುತ್ತಿದ್ದ. ಒದ್ದೆ ಬಟ್ಟೆಯಲ್ಲಿ ಬೆಳಕು ಹಾಯ್ದು ಹಿಂದೆ ಕೂತವರಿಗೂ ಚಿತ್ರ ಚೆನ್ನಾಗಿ ಕಾಣುತ್ತಿತ್ತು. ಮುಂದಿನ ಸಾಲಿನಲ್ಲಿ ಕೂತ ನಮ್ಮ ಮೇಲೆ ತಣ್ಣನೆಯ ಹನಿ ಬೀಳುತ್ತಿತ್ತು.

ಕಾಣುತ್ತಿತ್ತು ನಿಜ, ಆದರೆ ಎಲ್ಲವೂ ತಿರುಗುಮುರುಗು. ಸೊಳ್ಳೆ ಓಡಿಸುವುದು, ಗೊಬ್ಬರದ ಗುಂಡಿ ತೋಡುವುದು, ಕಾಯಿಸಿ ಆರಿಸಿದ ನೀರು ಕುಡಿಯುವುದು, ಇಂಥವೇ ಚಿತ್ರಗಳು. ಅವುಗಳಲ್ಲಿ ಎಲ್ಲರೂ ಎಡಗೈಯಲ್ಲಿ ಊಟ ಮಾಡುತ್ತಿದ್ದರು. ಹೆಂಗಸರ ಸೆರಗು ಬಲ ಹೆಗಲಿನ ಮೇಲಿರುತ್ತಿತ್ತು. ಅಮ್ಮ ಪ್ರತಿ ಸಲವೂ ಮುಖ ಸಿಂಡರಿಸಿ, "ಥೂ, ಎಡಗೈಯಲ್ಲಿ ಕಲಸ್ಕೊಂಡು ತಿಂತಾನಲ್ಲೇ! ಇವರು ನಮಗೆ ಆರೋಗ್ಯ ಹೇಳ್ಕೊಡೋರು" ಅನ್ನುತ್ತಿದ್ದಳು. ಸಿನಿಮಾದೊಳಗಿನ ಊರುಗಳಲ್ಲಿ ಪದ್ಧತಿಯೇ ಹಾಗೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಅಣ್ಣ ದೊಡ್ಡವನಾಗಿ ಗಂಡಸರ ಕಡೆಗೆ ಹೋದ ಮೇಲೆ, ಅಲ್ಲಿ ಎಲ್ಲರೂ ಬಲಗೈಯಲ್ಲೇ ಉಣ್ಣುತ್ತಾರೆಂದು ಬಂದು ಹೇಳಿದ. ಸುಳ್ಳು ಹೇಳುತ್ತಾನೆಂದು ಅವನ ತೋಳು ಕಚ್ಚಿದೆ.

ಗುರುತಿನ ವಿಷಯದಲ್ಲಿ ಮಾತ್ರ ಮೊದಲು ಯಾವ ತಕರಾರೂ ಇರಲಿಲ್ಲ. ಮಹಾರಾಜರ ಕಾಲದಲ್ಲಿ ಗಾಜಿನ ಸ್ಲೈಡಿನ ಮೇಲೆ ಬರೆದ ಗಂಡಭೇರುಂಡ ಬೀಳುತ್ತಿತ್ತು. ಎರಡು ತಲೆ, ಎರಡು ಕಡೆಗೂ ಮುಖ. ಆ ಕಡೆಯಿಂದ ನೋಡಿದರೂ ಅದೇ, ಈ ಕಡೆಯಿಂದ ನೋಡಿದರೂ ಅದೇ. ಅದು ಬಿದ್ದ ಕೂಡಲೆ ಗಂಡಸರ ಕಡೆ ಹಿರಿಯರು ಎದ್ದು ನಿಲ್ಲುತ್ತಿದ್ದರು. ಅವರು ಎದ್ದ ಸದ್ದು ಕೇಳಿ ನಾವೂ ಏಳುತ್ತಿದ್ದೆವು.

ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಈ ಹಕ್ಕಿ ಹಾರಿಹೋಯಿತು. ದೇಶಕ್ಕೆ ಬಂತು ಸರಿ, ಮೈಸೂರಿಗೆ ಬಂತೋ ಇಲ್ಲವೋ ಎಂಬುದು ಆ ದಿನಗಳಲ್ಲಿ ನಮ್ಮ ಬೀದಿಗೆ ಸ್ಪಷ್ಟವಿರಲಿಲ್ಲ. ವ್ಯಾನಿನವರಿಗೂ ಇರಲಿಲ್ಲವೆಂದು ಕಾಣುತ್ತದೆ. ಹಳೆಯ ಸ್ಲೈಡು ಹಾಕಿದರೆ ಯಾರು ಕೂಗುತ್ತಾರೋ, ಹೊಸದು ಹಾಕಿದರೆ ಯಾರು ಬೈಯುತ್ತಾರೋ. ಹಾಗಾಗಿ ಅವರು ಏನೂ ಹಾಕದೆ ಬರೀ ಬೆಳಕು ಬಿಟ್ಟರು. ಖಾಲಿ ಬಿಳಿ ಚೌಕ. ಗಂಡಸರ ಕಡೆ ಕೆಲವರು ಎದ್ದರು, ಕೆಲವರು ಕೂತರು, ಎದ್ದವರು ಕೂತವರನ್ನು ನೋಡಿ ಕೂತರು, ಅಷ್ಟರಲ್ಲಿ ಕೂತವರು ಎದ್ದಿದ್ದರು. ಈ ಕಡೆ ಅಮ್ಮ ಅರ್ಧ ಎದ್ದು, "ನಿಲ್ಬೇಕೋ ಬೇಡ್ವೋ ಯಾರಾದ್ರೂ ಒಂದು ಹೇಳ್ರೀ, ನನ್ನ ಮಂಡಿ ನೋಯ್ತಿದೆ" ಎಂದು ಗೊಣಗಿದಳು.

ಆಮೇಲೆ ಒಂದಷ್ಟು ದಿನ ಒಂದು ಚಕ್ರ ಬಂತು. ಅದು ನೂಲುವ ಚರಕವೋ ಗಾಡಿಯ ಚಕ್ರವೋ ತಿಳಿಯದೆ ಹೋಯಿತು. ಅದರ ಹಿಂದೆಯೇ ಒಂದು ಹಣತೆ ಬಂದ ನೆನಪು ನನಗಿದೆ, ಅಣ್ಣನಿಗಿಲ್ಲ. ಕೊನೆಗೆ ಬಂದು ನೆಲೆಯಾಗಿ ನಿಂತದ್ದು ಹಂಸ. ಇಷ್ಟೂ ವರ್ಷಗಳಲ್ಲಿ ಒಂದೇ ಕಡೆಗೆ ಮುಖ ಮಾಡಿದ ಮೊದಲ ಪ್ರಾಣಿ ಅದೇ. ನಮ್ಮ ಮನೆಯ ಗೊಂದಲ ಹುಟ್ಟಿದ್ದು ಅಲ್ಲಿಂದ.

ಆ ಹೊತ್ತಿಗೆ ಅತ್ತೆ ನಮ್ಮ ಮನೆಯಲ್ಲಿದ್ದಳು. ಅಪ್ಪನ ತಂಗಿ. ಧಾರವಾಡದ ಕಡೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು ಹಿಡಿದು ವಾಪಸು ಬಂದಳು. ಇನ್ನೂ ಮೂವತ್ತು ದಾಟಿರಲಿಲ್ಲ. ಅಪ್ಪ ಕಚೇರಿಯಲ್ಲಿ ಗುಮಾಸ್ತ, ಒಳ್ಳೆಯವನೇ. ಅಮ್ಮನೂ ಅವಳನ್ನು ಯಾವತ್ತೂ ಒರಟಾಗಿ ಮಾತಾಡಿಸಿದವಳಲ್ಲ. ಆದರೂ ಅತ್ತೆ ಅಡುಗೆಮನೆ, ಹಿತ್ತಿಲು, ಹಿತ್ತಿಲ ಜಗಲಿ ಬಿಟ್ಟು ಬೇರೆಲ್ಲೂ ಕೂತದ್ದನ್ನು ನಾನು ಕಾಣೆ. ಮುಂದಿನ ಹಾಲಿನಲ್ಲಿ ಯಾರಾದರೂ ಬಂದು ಕೂತರೆ ಅವಳು ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತು ಮಾತು ಕೇಳಿಸಿಕೊಳ್ಳುತ್ತಿದ್ದಳು. ಸಿನಿಮಾಕ್ಕೆ ಮಾತ್ರ ಬರುತ್ತಿದ್ದಳು. ತಲೆ ತುಂಬ ಸೆರಗು ಹೊದ್ದು, ನನ್ನನ್ನು ಮಡಿಲಲ್ಲಿ ಕೂರಿಸಿಕೊಂಡು.

ಅವಳ ಕೈಯಲ್ಲಿ ಒಂದು ವಿದ್ಯೆ ಇತ್ತು. ಧಾರವಾಡದಲ್ಲಿ ಅವಳ ಗಂಡನ ತಾಯಿ ಕಲಿಸಿದ ಕಸೂತಿ. ಬಟ್ಟೆಯ ಎಳೆಗಳನ್ನು ಎಣಿಸಿಕೊಂಡು ಹಾಕುವ ಹೊಲಿಗೆ ಅದು. ಮೇಲೆ ಪೆನ್ಸಿಲಿನಲ್ಲಿ ಗೀಚುವುದಿಲ್ಲ, ದಾರದ ತುದಿಗೆ ಗಂಟು ಹಾಕುವುದಿಲ್ಲ. ನಮ್ಮ ಬೀದಿಯ ಹೆಂಗಸರಿಗೆ ಅದು ಹೊಸದು. ಇಲ್ಲಿ ಎಲ್ಲರದ್ದೂ ಮಖಮಲ್ಲಿನ ಮೇಲೆ ಜರಿ ದಾರದ ಕೆಲಸ. ಮುಂಬದಿ ಝಗಝಗ, ಹಿಂಬದಿ ಗಂಟು ಗೋಜಲು, ಅದನ್ನು ಮುಚ್ಚುವುದಕ್ಕೆ ಲೈನಿಂಗು.

ಮಲ್ಲೇಶ್ವರಂನ ಹೆಂಗಸರದೊಂದು ಸಮಾಜವಿತ್ತು. ಅವರು ಹೊಲಿಗೆ ಕ್ಲಾಸು ತೆರೆಯುವುದೆಂದು ನಿಶ್ಚಯವಾಯಿತು, ಅದಕ್ಕೊಬ್ಬ ಟೀಚರು ಬೇಕಾಯಿತು. ಅದೇ ಹೊತ್ತಿಗೆ ವ್ಯಾನಿನ ಅಧಿಕಾರಿ, ಪರದೆಯ ಮೇಲೆ ಕಟ್ಟಲು ಹಂಸದ ಗುರುತಿರುವ ಅಂದವಾದ ಪಟ್ಟಿಯೊಂದನ್ನು ಸಮಾಜದವರು ಹೊಲಿದುಕೊಡಬಹುದೇ ಎಂದು ಕೇಳಿದರು. ದೊಡ್ಡ ಅಧಿಕಾರಿಯೊಬ್ಬರು ಆಟ ನೋಡಲು ಬರುವವರಿದ್ದರು. ಸಮಾಜದ ಪ್ರೆಸಿಡೆಂಟಮ್ಮ ನಮ್ಮ ಮನೆಗೆ ಬಂದು ಅಮ್ಮನೆದುರಿಗೆ ಅತ್ತೆಯನ್ನು ಕರೆದರು.

"ನೋಡಮ್ಮ, ನಿನ್ನ ಕೈ ಚೆನ್ನಾಗಿದೆ ಅಂತ ಎಲ್ಲರೂ ಹೇಳ್ತಾರೆ. ಈ ಪಟ್ಟಿ ನೀನೇ ಮಾಡು. ನಾಲ್ಕು ಜನರ ಮುಂದೆ ಭೇಷ್ ಅನ್ನಿಸ್ಕೊಂಡ್ರೆ ಕ್ಲಾಸು ನಿಂದೇ. ಬೇರೆಯವರ ಹೆಸರು ಹೇಳೋಕೆ ನಾನು ಬಿಡೋದಿಲ್ಲ."

ಅತ್ತೆ ತಲೆಯಾಡಿಸಿದಳು. ಅವರು ಹೋದ ಮೇಲೆ ಅಪ್ಪನ ಹತ್ತಿರ, "ಅಣ್ಣ, ನನಗೊಂದು ಕೊಡೆ ತಂದ್ಕೊಡ್ತೀಯಾ?" ಎಂದು ಕೇಳಿದಳು. ಅಷ್ಟು ವರ್ಷಗಳಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅಪ್ಪ ತಂದುಕೊಟ್ಟ. ದಿನಾ ಬೆಳಿಗ್ಗೆ ಮನೆಯ ಬಾಗಿಲು ದಾಟಿ, ಕೊಡೆ ಬಿಚ್ಚಿ, ಬೀದಿಯಲ್ಲಿ ನಡೆದು ಕೆಲಸಕ್ಕೆ ಹೋಗುವುದು. ಅತ್ತೆಗೆ ಬೇಕಾಗಿದ್ದದ್ದು ಅಷ್ಟೇ. ಕೊಡೆಯನ್ನು ಅಡುಗೆಮನೆಯ ಗೂಟಕ್ಕೆ ನೇತುಹಾಕಿಕೊಂಡು ಒಗ್ಗರಣೆ ಹಾಕುವಾಗಲೂ ಅದರ ಕಡೆ ನೋಡುತ್ತಿದ್ದಳು.

ಮಾದರಿಗೆಂದು ಚಿತ್ರವನ್ನೇನೂ ಕೊಟ್ಟಿರಲಿಲ್ಲ. ಎಲ್ಲರೂ ನೋಡಿದ ಹಂಸ ತಾನೇ ಎಂದು ಬಿಟ್ಟಿದ್ದರು. ಅತ್ತೆಗೆ ಅದರ ಕೊಕ್ಕು, ಗರಿ, ದೀಪ ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಆದರೂ ಅವಳು ಎಚ್ಚರಿಕೆಯವಳು, ಮುಖ ಯಾವ ಕಡೆ ಎಂದು ಎಲ್ಲರನ್ನೂ ವಿಚಾರಿಸಿದಳು. ಅಪ್ಪನನ್ನು ಕೇಳಿದಳು. "ವೈಯಾಲಿಕಾವಲ್ ಕಡೆಗೆ" ಎಂದ, ಅಂದರೆ ನಮ್ಮ ಪೂರ್ವಕ್ಕಿರುವ ಬಡಾವಣೆಯ ಕಡೆಗೆ. ಅಮ್ಮನನ್ನು ಕೇಳಿದಳು. "ವೈಯಾಲಿಕಾವಲ್ ಕಡೆಗೆ" ಎಂದಳು. ಅಣ್ಣ, ಪಕ್ಕದ ಮನೆಯವರು, ಕೊನೆಗೆ ನಾನು, ಎಲ್ಲರದ್ದೂ ಒಂದೇ ಉತ್ತರ. ಎಡ ಬಲ ಎಂದು ಯಾರೂ ಹೇಳಲಿಲ್ಲ. ನಮ್ಮಲ್ಲಿ ಪಾತ್ರೆ ಸರಿಸು ಎನ್ನುವುದಕ್ಕೂ ಪೂರ್ವಕ್ಕೆ ಸರಿಸು, ಇಲ್ಲವೆ ಪಶ್ಚಿಮದಲ್ಲಿ ರೈಲು ಹಳಿ ಇದ್ದದ್ದರಿಂದ ರೈಲಿನ ಕಡೆಗೆ ಸರಿಸು ಎಂದೇ ಹೇಳುವುದು. ಬೇರೆ ಯಾವ ವಿಷಯದಲ್ಲೂ ನಮ್ಮ ಮನೆ ಅಷ್ಟು ಒಮ್ಮತದಿಂದ ಮಾತಾಡಿದ್ದಿಲ್ಲ.

ಅತ್ತೆ ಹಿತ್ತಿಲ ಜಗಲಿಯಲ್ಲಿ, ಮೈದಾನದಲ್ಲಿ ಕೂರುವ ಹಾಗೆಯೇ ದಕ್ಷಿಣಕ್ಕೆ ಮುಖ ಮಾಡಿ ಕೂತು ಹೊಲಿದಳು. ಕಪ್ಪು ಬಟ್ಟೆಯ ಮೇಲೆ ಬಿಳಿ ಹಂಸ, ಹಳದಿ ದೀಪ, ಎರಡು ಕಡೆಗೂ ಬಳ್ಳಿ. ಹಂಸದ ಮುಖ ವೈಯಾಲಿಕಾವಲ್ ಕಡೆಗೆ. ಮುಗಿದ ದಿನ ಅಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು. ಮಡಿಸಿ ಕಾಗದದಲ್ಲಿ ಸುತ್ತಿ ಪ್ರೆಸಿಡೆಂಟಮ್ಮನ ಮನೆಗೆ ಕಳಿಸಿದರು.

ಆ ಸಂಜೆ ಮೈದಾನ ತುಂಬಿತ್ತು. ನಾವು ಹೋಗುವಷ್ಟರಲ್ಲಿ ಕಂಬಗಳ ನಡುವೆ ಬಿಳಿ ಬಟ್ಟೆ ಏರಿತ್ತು. ಅದರ ಮೇಲ್ಗಡೆ ಅತ್ತೆಯ ಪಟ್ಟಿಯನ್ನು ಉದ್ದಕ್ಕೆ ಬಿಗಿದು ಕಟ್ಟಿದ್ದರು. ಹಿಂದೆ ಕೂತ ನಮಗೂ ಗ್ಯಾಸ್ ಲೈಟಿನ ಬೆಳಕಿನಲ್ಲಿ ಹಂಸ ಚೊಕ್ಕವಾಗಿ ಕಾಣುತ್ತಿತ್ತು. ಪಕ್ಕದ ಮನೆಯವರು ಅಮ್ಮನ ಕಿವಿಯಲ್ಲಿ, "ಪರವಾಗಿಲ್ವೇ, ಹಸನಾದ ಬದಿ ನಮ್ಮ ಕಡೆಗೇ ಕಟ್ಟಿದ್ದಾರಲ್ಲ" ಎಂದರು. ಅತ್ತೆ ಪಟ್ಟಿಯನ್ನೇ ನೋಡುತ್ತಿದ್ದಳು. ಅವಳ ಮೈ ಬಿಗಿಯಾದದ್ದು ಮಡಿಲಲ್ಲಿ ಕೂತ ನನಗೆ ಗೊತ್ತಾಯಿತು. ಯಾಕೆಂದು ಗೊತ್ತಾಗಲಿಲ್ಲ.

ದೊಡ್ಡ ಅಧಿಕಾರಿ ಬಂದರು, ಚಪ್ಪಾಳೆ ಕೇಳಿಸಿತು. ವ್ಯಾನಿನ ಬೆಳಕು ಹೊತ್ತಿತು, ಒದ್ದೆ ಬಟ್ಟೆಯ ಮೇಲೆ ಬೆಳಕಿನ ಹಂಸ ಬಿತ್ತು. ಕೂಡಲೆ ಗಂಡಸರ ಕಡೆಯಿಂದ ನಗು ಶುರುವಾಯಿತು. ಮೊದಲು ಹುಡುಗರದ್ದು, ಆಮೇಲೆ ದೊಡ್ಡವರದ್ದೂ.

ಕೆಳಗಿನ ಬೆಳಕಿನ ಹಂಸ ವೈಯಾಲಿಕಾವಲ್ ಕಡೆ ನೋಡುತ್ತಿತ್ತು. ಮೇಲಿನ ದಾರದ ಹಂಸ ರೈಲಿನ ಕಡೆ ನೋಡುತ್ತಿತ್ತು. ಜಗಳ ಆಡಿಕೊಂಡ ಓರಗಿತ್ತಿಯರ ಹಾಗೆ ಒಂದಕ್ಕೊಂದು ಮುಖ ತಿರುಗಿಸಿಕೊಂಡಿದ್ದವು.

ಬಟ್ಟೆಯ ಆಚೆಯಿಂದ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ಏನ್ರೀ ಇದು, ಉಲ್ಟಾ ಹೊಲಿದಿದ್ದಾರಲ್ರೀ?" ಇದು ವ್ಯಾನಿನ ಅಧಿಕಾರಿ.

"ತಿರುಗಿಸಿ ಕಟ್ಟಿದ್ರೆ ಸರಿಹೋಗುತ್ತೇನೋ ಸಾರ್" ಎಂದ ವ್ಯಾನಿನ ಆಳು.

"ತಲೆ ಇದೆಯೇನಯ್ಯ? ತಿರುಗಿಸಿದ್ರೆ ಹಿಂಬದಿ ಗಂಟು ದಾರ ಎಲ್ಲ ಸಾಹೇಬರಿಗೆ ತೋರಿಸ್ತೀಯಾ? ಬಿಚ್ಚು, ಬಿಚ್ಚು. ಹೊತ್ತಾಯ್ತು."

ಆಗ ಅತ್ತೆ ನನ್ನನ್ನು ಮಡಿಲಿನಿಂದ ಕೆಳಕ್ಕಿಳಿಸಿದಳು. ಅರ್ಧ ಎದ್ದಳು. ಒಂದು ಕೈ ನೆಲಕ್ಕೂರಿ, ಇನ್ನೊಂದು ಕೈಯಲ್ಲಿ ಸೆರಗು ಹಿಡಿದು, ಹಾಗೇ ನಿಂತಳು ಅನ್ನಬೇಕೋ ಕೂತಿದ್ದಳು ಅನ್ನಬೇಕೋ ತಿಳಿಯದು. ಅಷ್ಟರಲ್ಲಿ ಪಟ್ಟಿಯ ಒಂದು ತುದಿ ಕಳಚಿ ಹಂಸ ಜೋತುಬಿತ್ತು. ಅತ್ತೆ ಕೂತುಬಿಟ್ಟಳು. ನನ್ನನ್ನು ಮತ್ತೆ ಮಡಿಲಿಗೆಳೆದುಕೊಂಡಳು. ಆವತ್ತು ಏನು ಸಿನಿಮಾ ತೋರಿಸಿದರೋ ನನಗೆ ನೆನಪಿಲ್ಲ.

ಮನೆಗೆ ಬಂದ ಮೇಲೆ ನಡೆದದ್ದನ್ನು ವಾದ ಅನ್ನಬೇಕೋ ಗದ್ದಲ ಅನ್ನಬೇಕೋ. ಅಪ್ಪ, ಅವರು ವಾಪಸು ಕೊಟ್ಟ ಪಟ್ಟಿಯ ಪೊಟ್ಟಣವನ್ನು ಬೆಂಚಿನ ಮೇಲೆ ಎಸೆದು, "ವೈಯಾಲಿಕಾವಲ್ ಕಡೆಗೆ ಅಂತ ನಾನು ಬಿಡಿಸಿ ಹೇಳಿರ್ಲಿಲ್ವಾ?" ಎಂದ.

"ಅವಳು ಹಾಗೇ ಹೊಲಿದಿದ್ದಳಲ್ಲ, ಎಡಕ್ಕೆ! ನಾನೇ ನೋಡಿದೀನಿ" ಎಂದಳು ಅಮ್ಮ.

"ವೈಯಾಲಿಕಾವಲ್ ಎಡಕ್ಕೆ ಎಲ್ಲಿದೆ? ಬಲಕ್ಕಲ್ವಾ?"

"ಬಲಕ್ಕೆ ರೈಲು ಅಲ್ವೇನ್ರೀ ಇರೋದು?"

ಅಪ್ಪ ಎದ್ದುನಿಂತು ಬಲಗೈ ಚಾಚಿದ. ಅಮ್ಮ ಅವನೆದುರಿಗೆ ನಿಂತು ಎಡಗೈ ಚಾಚಿದಳು. ಇಬ್ಬರ ಕೈಯೂ ಒಂದೇ ಗೋಡೆಯನ್ನು ತೋರಿಸುತ್ತಿತ್ತು, ಇಬ್ಬರೂ ಜಗಳವಾಡುತ್ತಿದ್ದರು. ನನಗೆ ತಲೆ ಚಿಟ್ಟುಹಿಡಿಯಿತು. ಯಾರು ಸರಿ ಎಂದು ಅಂದೂ ತಿಳಿಯಲಿಲ್ಲ, ಈಗಲೂ ಆ ದೃಶ್ಯ ನೆನೆದರೆ ನನ್ನದೇ ಎಡಗೈ ಯಾವುದೆಂದು ಒಮ್ಮೆ ನೋಡಿಕೊಳ್ಳುತ್ತೇನೆ. ಅತ್ತೆ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಪೊಟ್ಟಣವನ್ನು ಬಿಚ್ಚಿ ನೋಡುವ ಮನಸ್ಸು ಯಾರಿಗೂ ಬರಲಿಲ್ಲ. ಅದು ಹಾಗೇ ಅವಳ ಟ್ರಂಕಿನ ತಳ ಸೇರಿತು.

ಹೊಲಿಗೆ ಕ್ಲಾಸು ಮಖಮಲ್ಲಿನ ಮೇಲೆ ಜರಿ ಕೆಲಸ ಮಾಡುವ ಇನ್ನೊಬ್ಬರಿಗೆ ಹೋಯಿತು. ಪ್ರೆಸಿಡೆಂಟಮ್ಮ ದಾರಿಯಲ್ಲಿ ಅಮ್ಮ ಸಿಕ್ಕಾಗ, "ಪಾಪ, ಕೈ ಚೆನ್ನಾಗಿದೆ, ಗಮನ ಸಾಲದು" ಎಂದರಂತೆ. ಕೊಡೆಯನ್ನು ಮಳೆಗಾಲದಲ್ಲಿ ಅಣ್ಣ ಸ್ಕೂಲಿಗೆ ತೆಗೆದುಕೊಂಡು ಹೋಗತೊಡಗಿದ. ಅತ್ತೆ ಬೇಡವೆನ್ನಲಿಲ್ಲ.

ಹಂಸವೂ ಬಹಳ ಕಾಲ ಉಳಿಯಲಿಲ್ಲ. ಕನ್ನಡ ಸೀಮೆಗಳೆಲ್ಲ ಒಂದಾದ ಸುಮಾರಿಗೆ ವ್ಯಾನಿನವರು ಸ್ಲೈಡು ಹಾಕುವುದನ್ನೇ ಬಿಟ್ಟರು, ಸಿಂಹಗಳ ಮುದ್ರೆ ಫಿಲ್ಮಿನೊಳಗೇ ಅಚ್ಚಾಗಿ ಬರತೊಡಗಿತು. ಎಡಕ್ಕೊಂದು, ಬಲಕ್ಕೊಂದು, ಎದುರಿಗೊಂದು ಮುಖ. ಯಾವ ಕಡೆ ಕೂತವರಿಗೂ ದೂರಲು ಕಾರಣವಿರಲಿಲ್ಲ. ಆ ವೇಳೆಗೆ ಹೆಂಗಸರೂ ಪರದೆಯ ಮುಂದೆಯೇ ಒಂದು ಪಕ್ಕಕ್ಕೆ ಹಗ್ಗ ಕಟ್ಟಿದ ಜಾಗದಲ್ಲಿ ಕೂರುತ್ತಿದ್ದರು. ಹೊಸ ಗುರುತು ನೋಡಲು ನಾನು ಕರೆದೆ, ಅತ್ತೆ ಬರಲಿಲ್ಲ. ಆ ಸಂಜೆಯ ಮೇಲೆ ಅವಳು ಮೈದಾನದ ಕಡೆ ತಲೆ ಹಾಕಿಯೂ ಮಲಗಿದವಳಲ್ಲ.

ಅದೇ ವರ್ಷ ಹಬ್ಬಕ್ಕೆ ಸುಣ್ಣ ಬಳಿಯುವಾಗ ಟ್ರಂಕುಗಳನ್ನೆಲ್ಲ ಹೊರಗಿಟ್ಟರು. ನಾನಾಗ ಹೈಸ್ಕೂಲು. ಅತ್ತೆಯ ಟ್ರಂಕಿನಲ್ಲಿ ಆ ಪೊಟ್ಟಣ ಸಿಕ್ಕಿತು. ಬಿಚ್ಚಿದೆ. ಇಷ್ಟು ಚೆಂದದ್ದು ಕತ್ತಲಲ್ಲಿ ಯಾಕೆ ಕೊಳೆಯಬೇಕೆಂದು ಅಡುಗೆಮನೆ ಮತ್ತು ಹಾಲಿನ ನಡುವಿನ ಬಾಗಿಲಿಗೆ ಮೇಲೆ ದಾರ ಕಟ್ಟಿ ತೂಗುಹಾಕಿದೆ. ಹಾಲಿನಲ್ಲಿ ನಿಂತು ನೋಡಿದೆ. ಚೊಕ್ಕವಾದ ಹಂಸ. ಹಿಂಬದಿ ಹೇಗಿದೆಯೋ, ಅಡುಗೆಮನೆಯಿಂದ ಗಂಟುಗಳು ಕಂಡರೆ ಲೈನಿಂಗು ಕೊಡೋಣವೆಂದು ಒಳಗೆ ಹೋದೆ. ಅಲ್ಲೂ ಅಷ್ಟೇ ಚೊಕ್ಕವಾದ ಹಂಸ. ಒಂದು ಗಂಟಿಲ್ಲ, ಒಂದು ಎಳೆ ಹೆಚ್ಚುಕಡಿಮೆಯಿಲ್ಲ. ಮತ್ತೆ ಹಾಲಿಗೆ ಬಂದೆ, ಮತ್ತೆ ಒಳಗೆ ಹೋದೆ. ಯಾವುದು ಮುಂದೆ, ಯಾವುದು ಹಿಂದೆ? ಎರಡೂ ಮುಂದೆಯೇ. ಗಂಡಸರು ತಮ್ಮ ಕಡೆಯದ್ದೇ ಮುಂಬದಿ ಎಂದುಕೊಂಡಿದ್ದರು, ನಾವು ನಮ್ಮ ಕಡೆಯದ್ದು ಎಂದುಕೊಂಡಿದ್ದೆವು.

ದಾರ ಬಿಚ್ಚಿ ತಿರುಗಿಸಿ ಕಟ್ಟಿದೆ. ಹಂಸ ಈಗ ಆಚೆ ಕಡೆ ನೋಡುತ್ತಿತ್ತು, ಬೇರೇನೂ ಬದಲಾಗಿರಲಿಲ್ಲ. ಅಷ್ಟೇ ಬೇಕಾಗಿದ್ದದ್ದು. ಅತ್ತೆಯ ಹೊಲಿಗೆಯಲ್ಲಿ ತಪ್ಪೇ ಇರಲಿಲ್ಲ. ಕಟ್ಟಿದವನು ಕೈಗೆ ಬಂದ ಹಾಗೆ ಕಟ್ಟಿದ್ದ.

ಅತ್ತೆ ಒಲೆಯ ಪಕ್ಕ ಕೂತು ಅಕ್ಕಿ ಆರಿಸುತ್ತಿದ್ದಳು. ನಾನು ಮೊರದ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೇ ಉಸಿರಿಗೆ ಹೇಳಿದೆ. "ಅತ್ತೆ, ಅವತ್ತು ಇದನ್ನ ತಿರುಗಿಸಿ ಕಟ್ಟಿದ್ರೆ ಸಾಕಿತ್ತು! ನಿಂದೇನೂ ತಪ್ಪಿರ್ಲಿಲ್ಲ! ಅಪ್ಪಂಗೆ ಹೇಳ್ತೀನಿ, ಪ್ರೆಸಿಡೆಂಟಮ್ಮಂಗೂ ಹೇಳ್ತೀನಿ!"

ಅವಳು ತಲೆ ಎತ್ತದೆ ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟಳು.

"ಗೊತ್ತು ಕಣೆ."

"ಯಾವಾಗಿಂದ?"

"ಅವತ್ತಿಂದ್ಲೇ. ಕಟ್ಟಿದ್ದು ನೋಡಿದ ಕೂಡ್ಲೇ ಗೊತ್ತಾಯ್ತು."

ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. "ಮತ್ತೆ ಹೇಳ್ಬಾರ್ದಾಗಿತ್ತಾ? ಒಂದು ಮಾತು ಸಾಕಿತ್ತಲ್ಲ!"

"ಹೇಳೋಕೆ ಎದ್ದಿದ್ದೆ." ಅತ್ತೆ ಮೊರವನ್ನು ಒಮ್ಮೆ ಕೊಡವಿದಳು. "ಹೇಳ್ಬೇಕು ಅಂದ್ರೆ ಪರದೆ ದಾಟಿ ಆ ಕಡೆ ಹೋಗ್ಬೇಕಿತ್ತು. ದೊಡ್ಡ ಸಾಹೇಬ್ರು ಬಂದ ಶುಭದ ಹೊತ್ತು. ಅಷ್ಟು ಗಂಡಸರ ಮುಂದೆ ನನ್ನಂಥೋಳು ಹೋಗಿ ನಿಂತಿದ್ರೆ, ಆಮೇಲೆ ನಿಮ್ಮಪ್ಪ ಈ ಬೀದೀಲಿ ತಲೆ ಎತ್ತಿ ನಡೀಬೇಕಿತ್ತಲ್ಲ."

ನಾನು ಅಳತೊಡಗಿದೆ. ಅವಳು ಅಳಲಿಲ್ಲ. ಸೆರಗಿನ ತುದಿಯಿಂದ ನನ್ನ ಮುಖ ಒರೆಸಿ ಬಾಗಿಲ ಕಡೆ ನೋಡಿದಳು. ಆ ಹಂಸವನ್ನು ಅವಳು ಟ್ರಂಕಿನಿಂದ ಎಂದಾದರೂ ತೆಗೆದು ನೋಡಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ.

"ಬಿಚ್ಚಿಡ್ಲಾ ಅತ್ತೆ?" ಎಂದು ಕೇಳಿದೆ.

"ಬೇಡ, ಇರ್ಲಿ. ತಿರುಗಿಸಿ ಕಟ್ಟು."

"ಈಗ ತಾನೇ ತಿರುಗಿಸಿದೆ."

"ಮೊದಲಿದ್ದ ಹಾಗೇ ಕಟ್ಟು. ಈಗ ಅದು ಒಲೆ ಇರೋ ಗೋಡೆ ನೋಡ್ತಿದೆ. ಮುಖ ಬೀದಿ ಬಾಗಿಲ ಕಡೆಗಿರ್ಲಿ."